ಸಹಾಯ ಬೇಕು: ಈ ಹಳೇ ಕಾರು ಆಸ್ಟಿನ್ನೋ, ಮಾರಿಸ್ಸೋ?

ಹಳೇ ಬ್ರಿಟಿಷ್ ಕಾರು ಬಲ್ಲವರು ಸ್ವಲ್ಪ ನೋಡಿ ಹೇಳಿ. 1960ರ ದಶಕದ ಆಕ್ಸ್‌ಫರ್ಡ್ ಕಥೆ ಇರುವ 'ಎಂಡೆವರ್' ಧಾರಾವಾಹಿ ನೋಡುತ್ತಿದ್ದೇನೆ. ಪೊಲೀಸರ ಕಪ್ಪು ಜಾಗ್ವಾರ್ ಯಾರಿಗಾದರೂ ಗೊತ್ತಾಗುತ್ತದೆ. ನನ್ನ ತಲೆ ತಿನ್ನುತ್ತಿರುವುದು ಬೀದಿ ಬದಿ ನಿಂತ ಬೂದು ಬಣ್ಣದ ಕಾರು. ಹಿಂಭಾಗ ಮಾತ್ರ ಕಾಣುತ್ತದೆ, ಎರಡೂ ಕಡೆ ಮೇಲೆದ್ದ ಮೊಂಡು ರೆಕ್ಕೆ (ಟೇಲ್ ಫಿನ್).

ಇಟಲಿಯ ಪಿನಿನ್‌ಫರೀನಾ ವಿನ್ಯಾಸದ ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಕಾರು ಅನ್ನುವುದರಲ್ಲಿ ಅನುಮಾನ ಇಲ್ಲ. ತೊಂದರೆ ಏನಂದ್ರೆ, ಕಂಪನಿ ಆ ಒಂದೇ ಬಾಡಿಯನ್ನು ಗ್ರಿಲ್, ಬ್ಯಾಡ್ಜ್ ಬದಲಿಸಿ ಆಸ್ಟಿನ್ ಕೇಂಬ್ರಿಡ್ಜ್, ಮಾರಿಸ್ ಆಕ್ಸ್‌ಫರ್ಡ್, ವುಲ್ಸ್‌ಲಿ, ರೈಲಿ, ಎಂಜಿ ಅಂತ ಐದು ಹೆಸರಲ್ಲಿ ಮಾರಿತ್ತು! ಮುಂಭಾಗ ಕಂಡಿದ್ದರೆ ವುಲ್ಸ್‌ಲಿ ಹೌದೋ ಅಲ್ವೋ ಹೇಳಬಹುದಿತ್ತು, ಅದರ ಗ್ರಿಲ್ ಬ್ಯಾಡ್ಜ್‌ನಲ್ಲಿ ದೀಪ ಇರುತ್ತದೆ.

ನಂಬರ್ ಪ್ಲೇಟಿನ ಕೊನೆಯಲ್ಲಿ 'ಸಿ' ಇದೆ, ಅಂದರೆ 1965ರ ನೋಂದಣಿ. ಶೂಟಿಂಗಿಗೆ ಪ್ಲೇಟ್ ಬದಲಿಸಿರದಿದ್ದರೆ ಆಸ್ಟಿನ್ ಆದರೆ ಎ60 ಕೇಂಬ್ರಿಡ್ಜ್, ಮಾರಿಸ್ ಆದರೆ ಆರನೇ ಸರಣಿಯ ಆಕ್ಸ್‌ಫರ್ಡ್ ಇರಬೇಕು. ನಮ್ಮ ಅಂಬಾಸಡರ್ ಬಂದದ್ದು ಮಾರಿಸ್ ಆಕ್ಸ್‌ಫರ್ಡ್‌ನ ಹಳೆಯ ಮೂರನೇ ಸರಣಿಯಿಂದ, ಸುಮ್ನೆ ಅದರ ಜೊತೆ ಹೋಲಿಸಿ ಪ್ರಯೋಜನವಿಲ್ಲ.

ಹಿಂದಿನ ದೀಪದ ಆಕಾರ ನೋಡಿ ಇವೆರಡನ್ನು ಗುರುತಿಸುವುದು ಹೇಗೆ? ಸ್ಕ್ರೀನ್‌ಶಾಟ್ ಹಾಕಿದ್ದೇನೆ.