ಗೋಡೌನಿನಲ್ಲಿ ಆಯುಧ ಪೂಜೆ, ಜೊತೆಗೆ ಊರಿಗೊಂದು ಸೇವೆ: ನೀವು ಹೇಗೆ ಮಾಡಿದಿರಿ?

ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾ, ಮೈಸೂರು:
ನಮ್ಮದು ಆಸ್ಪತ್ರೆಗಳಿಗೆ ಸಾಮಾನು ಒದಗಿಸುವ ಸಣ್ಣ ಕಂಪನಿ. ಗ್ಲೌಸ್, ಸಿರಿಂಜ್, ಕ್ಯಾತಿಟರ್ (ರೋಗಿಯ ದೇಹದೊಳಗೆ ತೂರಿಸುವ ಕೊಳವೆ), ಇನ್ಸುಲಿನ್, ಒಂದಷ್ಟು ಆಕ್ಸಿಜನ್ ಸಿಲಿಂಡರ್. 24 ಜನ ಇದ್ದೇವೆ. ಈ ಸಲ ಆಯುಧ ಪೂಜೆಯ ಜವಾಬ್ದಾರಿ ನನ್ನ ಮೇಲೆ ಬಿದ್ದಿದೆ. ದಸರಾ ಹೆಸರಲ್ಲಿ ಊರಿಗೂ ಏನಾದರೂ ಸೇವೆ ಮಾಡಬೇಕಂತೆ. ಎಲ್ಲ ಸೇರಿ 60,000 ರೂಪಾಯಿ. ವೀಲ್‌ಚೇರ್ ದಾನವೋ, ಶುಗರ್ ತಪಾಸಣೆ ಶಿಬಿರವೋ? ಪೂಜೆ ಗೋಡೌನಿನೊಳಗೇ ಮಾಡಬಹುದಾ? ಮಾಡಿ ನೋಡಿದವರು ಹೇಳಿ.

ಮಂಡ್ಯದ ಸ್ಟಾಕಿಸ್ಟ್:
ಮೊದಲು ಫ್ರಿಜ್ಜಿನ ಪ್ಲಗ್ಗಿಗೆ ಟೇಪ್ ಸುತ್ತಿ. ಉಳಿದದ್ದು ಆಮೇಲೆ.

2022ರಲ್ಲಿ ನಮ್ಮಲ್ಲಿ ಆಗಿದ್ದು ಹೇಳುತ್ತೇನೆ. ಸೀರಿಯಲ್ ಸೆಟ್ ಹಾಕಲು ಹುಡುಗರಿಗೆ ಪಾಯಿಂಟ್ ಸಿಗಲಿಲ್ಲ. ಇನ್ಸುಲಿನ್ ಫ್ರಿಜ್ಜಿನ ಪ್ಲಗ್ ಕಿತ್ತು ಅಲ್ಲಿಗೆ ಹಾಕಿದರು. ಸಂಜೆ ಬೀಗ ಹಾಕಿ ಹೊರಟೆವು. ಮರುದಿನ ವಿಜಯದಶಮಿ, ರಜೆ. ಅದರ ಮಾರನೇ ಬೆಳಿಗ್ಗೆ ಬಾಗಿಲು ತೆರೆದರೆ ಥರ್ಮಾಮೀಟರ್ 27 ಡಿಗ್ರಿ ತೋರಿಸುತ್ತಿತ್ತು. 2ರಿಂದ 8ರ ಒಳಗೆ ಇರಬೇಕಾದ ಮಾಲು. 1,12,400 ರೂಪಾಯಿ. ಇನ್ಸುಲಿನ್ ಕಂಪನಿ ಕ್ರೆಡಿಟ್ ನೋಟ್ ಕೊಡಲಿಲ್ಲ, ಅಂದರೆ ದುಡ್ಡು ಹೊಂದಿಸಿಕೊಡಲಿಲ್ಲ. ಇನ್ಶೂರೆನ್ಸಿನವರು ನಿಮ್ಮವರದ್ದೇ ತಪ್ಪು ಅಂದರು. ‘ಇನ್ಸುಲಿನ್ ಹೊರಗೂ ನಾಲ್ಕು ವಾರ ಇರುತ್ತೆ, ಮಾರಿಬಿಡಿ’ ಅಂತ ಬುದ್ಧಿ ಹೇಳಿದವರೂ ಇದ್ದರು. ಅದು ಬಳಸೋಕೆ ಹೊರಗೆ ತೆಗೆದ ವಯಲ್ ಮಾತು. ಡಬ್ಬದ ಮೇಲಿನ ತಾರೀಖು ನಂಬಿ ಆರು ತಿಂಗಳು ಇಟ್ಟುಕೊಳ್ಳುವವರಿಗೆ ಅದನ್ನು ಕೊಡೋದು ಹೇಗೆ? ಅಷ್ಟನ್ನೂ ನಾಶ ಮಾಡಿಸಿದೆ. ಆ ವರ್ಷದ ಲಾಭ ಅದರಲ್ಲೇ ಹೋಯಿತು.

ಇನ್ನೊಂದು, ಕಡ್ಲೆಪುರಿ. ಪೂಜೆ ಮುಗಿದ ಮೇಲೆ ಅರ್ಧ ಮೂಟೆ ರ‍್ಯಾಕ್ ಪಕ್ಕದಲ್ಲೇ ಉಳಿಯಿತು. ಬಾಳೆಕಂಬ, ಕಬ್ಬು ಕೂಡ. ಎರಡು ರಾತ್ರಿಗೆ ಇಲಿ ಬಂದವು. ಕ್ಯಾತಿಟರ್ ಪೌಚ್‌ಗಳನ್ನು ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ಕಚ್ಚಿದ್ದವು. ಅಷ್ಟೇ ಸಾಕು, ಸ್ಟೆರೈಲ್ ಅಂದರೆ ಕ್ರಿಮಿರಹಿತ ಅನ್ನೋದು ಹೋಯಿತು. 3 ಕಾರ್ಟನ್ ವಾಪಸ್ ಬಂತು. ಈಗ ನಾವು ಪೂಜೆಯನ್ನು ಶಟರ್ ಹೊರಗೆ ಮಾಡುತ್ತೇವೆ.

ಆಕ್ಸಿಜನ್ ಡೆಲಿವರಿ, ಮೇಟಗಳ್ಳಿ:
ಪೂಜೆ ಎಲ್ಲಿ ಬೇಕಾದರೂ ಮಾಡಿ. ಜಂಬೂ ಸವಾರಿ ದಿನ ಡ್ಯೂಟಿ ಯಾರದ್ದು, ಅದನ್ನು ಮೊದಲು ಬರೆದಿಡಿ.

2025ರ ಅಕ್ಟೋಬರ್ 2. ಮಧ್ಯಾಹ್ನ ಅಗ್ರಹಾರದಿಂದ ಫೋನ್ ಬಂತು. ಮನೆಯಲ್ಲೇ ಆಕ್ಸಿಜನ್ ಮೇಲಿರುವ ಅಜ್ಜಿ. ಬಿ ಟೈಪ್ ಸಿಲಿಂಡರಿನಲ್ಲಿ 1,500 ಲೀಟರ್ ಇರುತ್ತೆ. ನಿಮಿಷಕ್ಕೆ 2 ಲೀಟರ್ ಬಿಟ್ಟರೆ ಹನ್ನೆರಡೂವರೆ ಗಂಟೆ. ಅವತ್ತು ಬೆಳಿಗ್ಗೆಯಿಂದ 4ಕ್ಕೆ ಇಟ್ಟಿದ್ದರು. ಅಂದರೆ ಆರು ಗಂಟೆ ಚಿಲ್ಲರೆ. ಅರಮನೆಯಿಂದ ಸಯ್ಯಾಜಿರಾವ್ ರಸ್ತೆ ಹಿಡಿದು ಬನ್ನಿಮಂಟಪದವರೆಗೆ ಮೆರವಣಿಗೆ. ನಾನಿರೋದು ಈಚೆ, ಅಜ್ಜಿ ಇರೋದು ಆಚೆ. ರಿಂಗ್ ರೋಡ್ ಸುತ್ತಿ, ನಂಜನಗೂಡು ರಸ್ತೆ ಕಡೆಯಿಂದ ಒಳಗೆ ಬಂದೆ. ಅರ್ಧ ಗಂಟೆಯ ದಾರಿ, ಎರಡು ಗಂಟೆ ಹತ್ತು ನಿಮಿಷ ಆಯಿತು. ಕೊನೆಯ ಅರ್ಧ ಕಿಲೋಮೀಟರ್ ಗಾಡಿ ಹೋಗಲಿಲ್ಲ. ಸಿಲಿಂಡರನ್ನು ಹೆಗಲ ಮೇಲೆ ಹೊತ್ತು ನಡೆದೆ. ಗೇಜ್ ಮುಳ್ಳು ಕೆಂಪಿಗೆ ಬಂದಿತ್ತು. ಆ ಮನೆಯವರು ಕಾಫಿ ಕೊಟ್ಟರು. ನಮ್ಮ ಮಾಲೀಕರು ಪೆಟ್ರೋಲಿನ 140 ರೂಪಾಯಿ ಇವತ್ತಿಗೂ ಕೊಟ್ಟಿಲ್ಲ. ಮಾರನೇ ದಿನ ಹೋದರೆ ಸ್ವೀಟ್ ಬಾಕ್ಸ್ ಖಾಲಿ.

ವಾಲ್ವ್‌ಗೆ ಎಣ್ಣೆ ಕೈ ತಾಗಿಸಬೇಡಿ. ಕುಂಕುಮ ಹಚ್ಚಬೇಡಿ. ಸಿಲಿಂಡರ್ ಇಟ್ಟ ಕಡೆ ಕರ್ಪೂರ ಬೇಡವೇ ಬೇಡ. ಎಷ್ಟು ಸಲ ಹೇಳಿದರೂ ಆರತಿ ತಟ್ಟೆ ಅಲ್ಲಿಗೇ ತರುತ್ತಾರೆ.

ಮಂಡ್ಯದ ಸ್ಟಾಕಿಸ್ಟ್:
ಮೇಟಗಳ್ಳಿಯವರೇ, ಈ ಲೈನಿಗೆ ಬಂದ ಮೇಲೆ ಹಬ್ಬದ ದಿನ ಡ್ಯೂಟಿ ಇದ್ದೇ ಇರುತ್ತೆ. ಆಸ್ಪತ್ರೆಗೆ ರಜೆ ಉಂಟಾ?

ಆಕ್ಸಿಜನ್ ಡೆಲಿವರಿ, ಮೇಟಗಳ್ಳಿ:
ಡ್ಯೂಟಿ ಬೇಡ ಅಂದೆನಾ ಸ್ವಾಮಿ? ಹೊತ್ತುಕೊಂಡು ನಡೆದವನು ನಾನು. ನೀವು 2022ರ ವಿಜಯದಶಮಿಗೆ ಶಟರ್‌ಗೆ ಬೀಗ ಹಾಕಿ ಮನೆಯಲ್ಲಿ ಇದ್ದಿರಿ. ನೀವೇ ಬರೆದಿದ್ದೀರಿ.

ಲೆಕ್ಕಪತ್ರ ನೋಡುವವಳು, ಮಂಡ್ಯ:
ಮೇಟಗಳ್ಳಿಯವರು ಕೇಳುತ್ತಿರುವುದು ನ್ಯಾಯವಾಗಿದೆ. ನಮ್ಮ ರಾಜ್ಯದಲ್ಲಿ 1963ರಿಂದ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯ್ದೆ ಇದೆ. ಆ ರಜೆಯ ದಿನ ದುಡಿಸಿಕೊಂಡರೆ ಎರಡು ಪಟ್ಟು ಸಂಬಳ ಕೊಡಬೇಕು. ಇಲ್ಲ, ಸಂಬಳದ ಜೊತೆ ಬದಲಿ ರಜೆ ಕೊಡಬೇಕು. ಸ್ವೀಟ್ ಬಾಕ್ಸ್ ಅದರ ಬದಲಿಗೆ ಆಗುವುದಿಲ್ಲ. ಪ್ರಶ್ನೆ ಕೇಳಿದವರಿಗೂ ಒಂದು ಮಾತು. 24 ಜನ ಅಂದಿರಿ. 20 ಜನ ಆದರೆ ಬೋನಸ್ ಕಾನೂನು ಬರುತ್ತೆ, ಸಂಬಳದ ಕನಿಷ್ಠ 8.33 ಪರ್ಸೆಂಟ್. ಅದು ಕೊಟ್ಟಿದ್ದೀರಾ? ನಾನು ಹಿಂದೆ ಇದ್ದ ಕಡೆ ಮೂರು ವರ್ಷ ಬೋನಸ್ ಕೇಳಿದೆ. ಮೂರು ವರ್ಷವೂ ಅರ್ಧ ಕೆಜಿ ಮೈಸೂರ್ ಪಾಕ್ ಕೊಟ್ಟರು. ಬಿಟ್ಟು ಬಂದೆ. ಬಿಟ್ಟದ್ದು ಸರಿ ಅಂತಲೇ ಈಗಲೂ ಅನ್ನುತ್ತೇನೆ.

ಸರ್ಜಿಕಲ್ಸ್ ಅಂಗಡಿ, ಧನ್ವಂತರಿ ರಸ್ತೆ, ಮೈಸೂರು:
ವೀಲ್‌ಚೇರ್ ಬಗ್ಗೆ ನಾನು ಹೇಳುತ್ತೇನೆ. 2019ರಲ್ಲಿ 10 ವೀಲ್‌ಚೇರ್ ಒಂದು ಆಸ್ಪತ್ರೆಗೆ ಕೊಟ್ಟೆ. ಒಂದಕ್ಕೆ 5,800. ಬೆನ್ನಿನ ಬಟ್ಟೆಯ ಮೇಲೆ ಅಪ್ಪನ ಹೆಸರು ಬರೆಸಿದ್ದೆ. ಎಂಟು ತಿಂಗಳಾದ ಮೇಲೆ ಬೇರೆ ಕೆಲಸಕ್ಕೆ ಅಲ್ಲಿಗೆ ಹೋದೆ. ಮೆಟ್ಟಿಲ ಕೆಳಗೆ ನಾಲ್ಕು ಬಿದ್ದಿದ್ದವು. ಮುಂದಿನ ಸಣ್ಣ ಗಾಲಿ ಮುರಿದಿತ್ತು. ಟ್ಯೂಬಿನಲ್ಲಿ ಗಾಳಿ ಇಲ್ಲ. ಕಾಲಿಡುವ ಪಟ್ಟಿ ಎಲ್ಲೋ ಹೋಗಿತ್ತು. ಅಪ್ಪನ ಹೆಸರಿನ ಮೇಲೆ ಯಾರೋ ಫಿನಾಯಿಲ್ ಕ್ಯಾನ್ ಇಟ್ಟಿದ್ದರು. ಆ ರಾತ್ರಿ ಊಟ ಸೇರಲಿಲ್ಲ.

ತಪ್ಪು ನನ್ನದೇ. ಮನೆಯೊಳಗೆ ಓಡಾಡುವ ಮಾಡೆಲ್ ಕೊಟ್ಟಿದ್ದೆ. ಅಲ್ಲಿ ಒಂದು ಕುರ್ಚಿ ದಿನಕ್ಕೆ ಮೂವತ್ತು ಸಲ ರ‍್ಯಾಂಪ್ ಹತ್ತಿ ಇಳಿಯುತ್ತೆ. ಆಮೇಲೆ ಹೊಸದು ಕೊಡಲಿಲ್ಲ. ಇರುವುದನ್ನು ರಿಪೇರಿ ಮಾಡಲು ಶುರು ಮಾಡಿದೆ. ಗಾಳಿ ಟಯರ್ ತೆಗೆದು ಸಾಲಿಡ್ ಟಯರ್ ಹಾಕಿಸಿದೆ, ಜೋಡಿಗೆ 900. ಮುಂದಿನ ಗಾಲಿ ಒಂದಕ್ಕೆ 350. ತಿಂಗಳಿಗೊಂದು ಶನಿವಾರ ನಮ್ಮ ಹುಡುಗ ಸ್ಪ್ಯಾನರ್ ತೆಗೆದುಕೊಂಡು ಹೋಗುತ್ತಾನೆ. ಫೋಟೋ ಇಲ್ಲ, ಬ್ಯಾನರ್ ಇಲ್ಲ. ಹತ್ತೂ ಓಡುತ್ತಿವೆ.

ವಿತರಕ, ವಿಜಯನಗರ:
ಇದೆಲ್ಲ ಸರಿ. ಆದರೆ 60,000ದಲ್ಲಿ ಡಾಕ್ಟರುಗಳಿಗೆ ಒಳ್ಳೆಯ ಡ್ರೈಫ್ರೂಟ್ಸ್ ಬಾಕ್ಸ್ ಕೊಟ್ಟರೆ ವರ್ಷ ಪೂರ್ತಿ ಆರ್ಡರ್ ಬರುತ್ತೆ. ಅದರಿಂದಲೇ ಅಲ್ವಾ 24 ಮನೆ ನಡೆಯೋದು? ನಾನು 15 ವರ್ಷದಿಂದ ಕೊಡುತ್ತಿದ್ದೇನೆ.

ಸರ್ಜಿಕಲ್ಸ್ ಅಂಗಡಿ, ಧನ್ವಂತರಿ ರಸ್ತೆ:
ಈಗ ಕೊಡುವ ಹಾಗಿಲ್ಲ. 2024ರಲ್ಲಿ ಔಷಧಿಗೊಂದು, ಮೆಡಿಕಲ್ ಡಿವೈಸ್‌ಗೊಂದು ಮಾರ್ಕೆಟಿಂಗ್ ಸಂಹಿತೆ ಬಂದಿದೆ. ಡಾಕ್ಟರಿಗೂ ಬೇಡ, ಅವರ ಮನೆಯವರಿಗೂ ಬೇಡ. ಹೆಬ್ಬಾಳದವರು ಊರಿಗೆ ಸೇವೆ ಏನು ಅಂತ ಕೇಳಿದರೆ ನೀವು ಬಾಕ್ಸ್ ಲೆಕ್ಕ ಹೇಳುತ್ತೀರಲ್ಲ.

ವಿತರಕ, ವಿಜಯನಗರ:
ನಿಮ್ಮದು ರಸ್ತೆ ಬದಿ ಅಂಗಡಿ. ಗಿರಾಕಿ ತಾನಾಗಿ ಬರುತ್ತಾನೆ. ನಾವು ಬಾಗಿಲು ಬಾಗಿಲು ತಿರುಗಬೇಕು. 2025ರಲ್ಲಿ ಸರಿಯಾಗಿ ನವರಾತ್ರಿ ಮೊದಲ ದಿನ, ಸೆಪ್ಟೆಂಬರ್ 22ಕ್ಕೆ, ಜಿಎಸ್‌ಟಿ 12ರಿಂದ 5ಕ್ಕೆ ಇಳಿಯಿತು. ಶುಗರ್ ನೋಡುವ ಗ್ಲುಕೋಮೀಟರ್, ಅದಕ್ಕೆ ಹಾಕುವ ಸ್ಟ್ರಿಪ್, ಬ್ಯಾಂಡೇಜ್ ಎಲ್ಲದರ ರೇಟ್ ತಿದ್ದುತ್ತಾ ಹಬ್ಬ ಕಳೆಯಿತು. 11 ರಾತ್ರಿ ನಾನೂ ನನ್ನ ಹೆಂಡತಿಯೂ ಕೂತು ಬಿಲ್ಲು ಸರಿ ಮಾಡಿದೆವು. ಗೊಂಬೆ ಕೂರಿಸಲಿಲ್ಲ. ಆ ಕಷ್ಟ ನಿಮಗೆ ಗೊತ್ತಾ?

ಸರ್ಜಿಕಲ್ಸ್ ಅಂಗಡಿ, ಧನ್ವಂತರಿ ರಸ್ತೆ:
ನನ್ನ ಅಂಗಡಿಗೆ ಜಿಎಸ್‌ಟಿ ಬೇರೆ ಇದೆಯಾ? ನಾನೂ ತಿದ್ದಿದೆ.

ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾ:
ದಯವಿಟ್ಟು ಜಗಳ ಬೇಡ. ಟೇಪ್ ತರಿಸಿದೆ. ಪೂಜೆ ಹೊರಗೇ ಮಾಡುತ್ತೇವೆ. ಬೋನಸ್ ವಿಷಯ ಮಾಲೀಕರನ್ನು ಕೇಳುತ್ತೇನೆ. ಶುಗರ್ ಶಿಬಿರ ಯಾರಾದರೂ ಮಾಡಿದ್ದೀರಾ?

ಲೆಕ್ಕಪತ್ರ ನೋಡುವವಳು, ಮಂಡ್ಯ:
ಮಾಡಿದ್ದೇವೆ. ಏಪ್ರಿಲ್‌ನಲ್ಲಿ, ಮದ್ದೂರಿನ ಹತ್ತಿರದ ಒಂದು ಹಳ್ಳಿ ಜಾತ್ರೆಯಲ್ಲಿ. ಸ್ಟ್ರಿಪ್ ಡಬ್ಬಗಳನ್ನು ವ್ಯಾನಿನ ಡ್ಯಾಶ್‌ಬೋರ್ಡಿನ ಮೇಲೆ ಬಿಟ್ಟಿದ್ದರು. 30 ಡಿಗ್ರಿ ದಾಟಿದ ಕಡೆ ಅವನ್ನು ಇಡಬಾರದು. ಮೀಟರ್ ಬರೀ ಎರರ್ ತೋರಿಸಿತು. 200 ಸ್ಟ್ರಿಪ್ಪಿನಲ್ಲಿ 63 ವೇಸ್ಟ್. ಬೆರಳಿಗೆ ಚುಚ್ಚಿದ ಲ್ಯಾನ್ಸೆಟ್ ಸೂಜಿ ಹಾಕಲು ಖಾಲಿ ಬಿಸ್ಕತ್ ಡಬ್ಬ ಇಟ್ಟಿದ್ದರು. ಅದನ್ನು ನೋಡಿ ನಾನೇ ಕೂಗಾಡಿದೆ. 2016ರ ಬಯೋಮೆಡಿಕಲ್ ವೇಸ್ಟ್ ನಿಯಮ ಶಿಬಿರಕ್ಕೂ ಅನ್ವಯ. ಸೂಜಿ ತೂರದ ಬಿಳಿ ಡಬ್ಬವೇ ಬೇಕು.

ಒಬ್ಬರಿಗೆ 412 ಬಂತು. ಕಬ್ಬು ಕಡಿಯುವವರು. ಅವರಿಗೆ ಶುಗರ್ ಇದೆ ಅಂತಲೇ ಗೊತ್ತಿರಲಿಲ್ಲ. ಶಿಬಿರದಲ್ಲಿ ಡಾಕ್ಟರ್ ಇರಲಿಲ್ಲ. ‘ಆಸ್ಪತ್ರೆಗೆ ಹೋಗಿ’ ಅಂತ ಚೀಟಿ ಬರೆದು ಕಳಿಸಲು ಹೊರಟಿದ್ದರು. ನಾನು ಆಟೋದಲ್ಲಿ ಕರೆದುಕೊಂಡು ಹೋದೆ, 450 ರೂಪಾಯಿ. ಡಾಕ್ಟರೊಬ್ಬರು ಪಕ್ಕದಲ್ಲಿ ಕೂರದಿದ್ದರೆ ಶಿಬಿರ ಮಾಡಬೇಡಿ.

ಮಂಡ್ಯದ ಸ್ಟಾಕಿಸ್ಟ್:
ಬೇಸಿಗೆ ಬಿಡಿ, ದಸರಾ ಹೊತ್ತಿಗೆ ಬಿಸಿಲು ಅಷ್ಟು ಇರೋದಿಲ್ಲ. ಯಾವುದಾದರೂ ಭಾನುವಾರ ಇಟ್ಟುಕೊಳ್ಳಿ. ಜನ ಜಾಸ್ತಿ ಸಿಗುತ್ತಾರೆ.

ಆಕ್ಸಿಜನ್ ಡೆಲಿವರಿ, ಮೇಟಗಳ್ಳಿ:
ಭಾನುವಾರ ಮೇಜು, ಕುರ್ಚಿ ಹೊರೋದು ಯಾರು ಸ್ವಾಮಿ? ವಾರದ ದಿನ ಇಡಿ, ಸಂಬಳದ ಟೈಮಿನಲ್ಲಿ. 2025ರಲ್ಲಿ ಗಾಂಧಿ ಜಯಂತಿಯೂ ವಿಜಯದಶಮಿಯೂ ಒಂದೇ ದಿನ ಬಂದು ಒಂದು ರಜೆ ಹೋಯಿತು. ಉಳಿದ ಆ ಒಂದು ರಜೆಯಲ್ಲೂ ನಾನಿದ್ದದ್ದು ರಿಂಗ್ ರೋಡಿನಲ್ಲಿ. ನಮಗೆ ಗ್ಯಾರಂಟಿ ಇರೋದು ಭಾನುವಾರ ಒಂದೇ.