‘ಎಂಟಕ್ಕೆ ಅಡುಗೆ ಮಾಡಿರ್ತೀವಿ’ ಅಂತ ಇಂಗ್ಲಿಷಲ್ಲಿ ಹೇಗೆ ಬರೆಯೋದು?

ಹೋಂಸ್ಟೇ ಅಕ್ಕ, ಸುಂಟಿಕೊಪ್ಪ:
ನಮ್ಮದು ಮೂರೇ ರೂಮಿನ ಹೋಂಸ್ಟೇ. ಗೆಸ್ಟ್‌ಗಳ ವಾಟ್ಸಾಪ್‌ಗೆ ಉತ್ತರ ಬರೆಯುವುದು ನನ್ನ ಪಾಲಿನ ಕೆಲಸ. ಹೋದ ಶನಿವಾರ ಬೆಂಗಳೂರಿನಿಂದ ಹೊರಟವರು, ರಾತ್ರಿ ಎಂಟಕ್ಕೆ ಬರುತ್ತೇವೆ, ಊಟ ಹೇಗೆ ಅಂತ ಕೇಳಿದರು. ‘ವಿ ವಿಲ್ ಕುಕ್ ಅಟ್ ಏಯ್ಟ್’ ಅಂತ ಕಳಿಸಿದೆ. ಮಾಡಿಟ್ಟಿರ್ತೀವಿ ಅನ್ನೋದು ನನ್ನ ಮನಸ್ಸಲ್ಲಿ. ಅವರೋ, ಎಂಟಕ್ಕೆ ಒಲೆ ಹಚ್ಚಿದರೆ ಊಟ ಹತ್ತಕ್ಕೇ ಅಂತ ಕುಶಾಲನಗರದಲ್ಲೇ ತಿಂದು ಬಂದರು! ಪಂದಿಕರಿ (ಹಂದಿ ಮಾಂಸದ್ದು), ಕಡಂಬುಟ್ಟು (ಅಕ್ಕಿ ಉಂಡೆ) ಎಲ್ಲಾ ಹಾಗೇ ಉಳಿಯಿತು. ನಮ್ಮ ಕಾಚಂಪುಳಿಯ ಹುಳಿ ಹಿಡಿದ ಕರಿ ಮಾರನೇ ದಿನಕ್ಕೆ ಇನ್ನೂ ರುಚಿ, ಆ ಮಾತು ಬೇರೆ.

ವಿಲ್, ವಿಲ್ ಬಿ, ವಿಲ್ ಹ್ಯಾವ್, ಗೋಯಿಂಗ್ ಟು... ಯಾವುದನ್ನು ಎಲ್ಲಿ ಹಾಕಬೇಕು? ಸ್ಕೂಲಲ್ಲಿ ಬಾಯಿಪಾಠ ಮಾಡಿದ್ದು ಬರೆಯುವಾಗ ಕೈಗೆ ಬರುವುದಿಲ್ಲ.

ರಿಟೈರ್ಡ್ ಮೇಷ್ಟ್ರು, ವಿರಾಜಪೇಟೆ:
ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆಯಲ್ಲಮ್ಮಾ. ಮಾಡ್ತೀವಿ, ವಿಲ್ ಕುಕ್. ಮಾಡ್ತಾ ಇರ್ತೀವಿ, ವಿಲ್ ಬಿ ಕುಕಿಂಗ್. ಮಾಡಿರ್ತೀವಿ, ವಿಲ್ ಹ್ಯಾವ್ ಕುಕ್ಡ್. ನಮ್ಮ ‘ಇರ್ತೀವಿ’ ಮಾಡುವ ಕೆಲಸವನ್ನೇ ಅಲ್ಲಿ ಬಿ, ಹ್ಯಾವ್ ಮಾಡುತ್ತವೆ. ಬರೀ ವಿಲ್ ಮುಂದೆ ಕ್ರಿಯಾಪದ ಇದ್ದ ಹಾಗೇ ಬರುತ್ತದೆ. ಬಿ ಮುಂದೆ ‘ಇಂಗ್’ ಸೇರುತ್ತದೆ. ಹ್ಯಾವ್ ಮುಂದೆ ಮೂರನೇ ರೂಪ, ಗೋ-ವೆಂಟ್-ಗಾನ್‌ನಲ್ಲಿ ಗಾನ್ ಇದ್ದ ಹಾಗೆ.

ನೀವು ‘ವಿ ವಿಲ್ ಹ್ಯಾವ್ ಕುಕ್ಡ್ ಬೈ ಏಯ್ಟ್’ ಅನ್ನಬೇಕಿತ್ತು. ಬೈ ಅಂದರೆ ಎಂಟರೊಳಗೆ. ನಿಮಗೆ ಕೈ ಕೊಟ್ಟಿದ್ದು ಆ ‘ಅಟ್’ ಕೂಡ.

ವಿಲ್ ಹ್ಯಾವ್ ಬೀನ್ ಕುಕಿಂಗ್ ಅಂತ ಇನ್ನೊಂದಿದೆ. ಇಷ್ಟು ಹೊತ್ತಿನಿಂದ ಮಾಡ್ತಾನೇ ಇರ್ತೀವಿ ಅನ್ನೋಕೆ. ಪರೀಕ್ಷೆ ಬಿಟ್ಟು ಬೇರೆಲ್ಲೂ ನನಗೆ ಅದು ಬೇಕಾಗಲಿಲ್ಲ.

ಜೀಪ್ ಹುಡುಗ, ಮಡಿಕೇರಿ:
ಅಕ್ಕ, ಸುಮ್ನೆ ‘ಡಿನ್ನರ್ ವಿಲ್ ಬಿ ರೆಡಿ ಬೈ ಏಯ್ಟ್’ ಅಂತ ಹಾಕಿ, ಸಾಕು.

ಗೋಯಿಂಗ್ ಟು ನನಗೆ ದಿನಾ ಬೇಕು. ಮಾಂದಲಪಟ್ಟಿ ಹತ್ತುವಾಗ ಮೋಡ ಕಪ್ಪಾಯಿತು ಅನ್ನಿ, ‘ಇಟ್ ಈಸ್ ಗೋಯಿಂಗ್ ಟು ರೈನ್’. ಮಳೆ ಬರೋ ಹಾಗಿದೆ ಅಂತ. ಕಣ್ಣಿಗೆ ಕಂಡಿದ್ದಕ್ಕೆ, ಮೊದಲೇ ಅಂದುಕೊಂಡಿದ್ದಕ್ಕೆ ಅದು. ಗೆಸ್ಟ್ ಟವೆಲ್ ಕೇಳಿದ ತಕ್ಷಣವಾದರೆ ‘ಐ ವಿಲ್ ಬ್ರಿಂಗ್ ಇಟ್’. ಆಗ ತಾನೇ ಮನಸ್ಸು ಮಾಡಿದ್ದು ಅಲ್ವಾ?

ಹೋಂಸ್ಟೇ ಅಕ್ಕ:
ಹಾಗಾದರೆ ‘ವೆನ್ ಯು ವಿಲ್ ರೀಚ್ ಕುಶಾಲನಗರ, ಕಾಲ್ ಮಿ’ ಸರಿನಾ ಸಾರ್? ಎಲ್ಲರಿಗೂ ಇದನ್ನೇ ಕಳಿಸುತ್ತೇನೆ.

ರಿಟೈರ್ಡ್ ಮೇಷ್ಟ್ರು:
ಆ ವಿಲ್ ತೆಗೆಯಿರಿ. ‘ವೆನ್ ಯು ರೀಚ್’ ಸಾಕು. ಮುಟ್ಟುವುದು ಇನ್ನು ಮುಂದೆ, ಆದರೂ ನಾವು ‘ಮುಟ್ಟಿದಾಗ’ ಅಂತೀವಿ ನೋಡಿ. ಇಫ್‌ಗೂ ಹೀಗೇ, ‘ಮಳೆ ಬಂದರೆ’ಗೆ ‘ಇಫ್ ಇಟ್ ರೈನ್ಸ್’.

ಹೋಂಸ್ಟೇ ಅಕ್ಕ:
ಅಯ್ಯೋ, ಎಷ್ಟು ಜನಕ್ಕೆ ಕಳಿಸಿದ್ದೆನೋ! ನಾಳೆ ಬರುವವರಿಗೆ ಈಗಷ್ಟೇ ‘ಬೈ ಏಯ್ಟ್’ ಅಂತ ಬರೆದೆ. ಅವರು ಸಸ್ಯಾಹಾರಿಗಳಂತೆ. ಬೈಂಬಳೆ, ಅಂದರೆ ಕಳಲೆ (ಎಳೆ ಬಿದಿರು), ನೆನೆಸಿಟ್ಟಿದ್ದೇನೆ.