ಅಪ್‌ಡೇಟ್: ಮಳೆಯಲ್ಲಿ ಮಿಸ್ ಹೊಡೆಯುತ್ತಿದ್ದ ಪಿಕಪ್ ಸರಿಹೋಯಿತು

ಸಿಯಾಟಲ್ ಮಳೆಗೆ ನನ್ನ ಹಳೇ ವಿ8 ಪಿಕಪ್ ಯಾಕೆ ಮಿಸ್ ಹೊಡೆಯುತ್ತೆ, ಅಂದರೆ ಇಂಜಿನ್ ಯಾಕೆ ತಡವರಿಸಿ ನಡುಗುತ್ತೆ ಅಂತ ಕೇಳಿದ್ದೆನಲ್ಲ, ಕಾರಣ ಸಿಕ್ಕಿತು. ಇಂಧನ ಹೊತ್ತಿಸುವ ಸ್ಪಾರ್ಕ್ ಪ್ಲಗ್‌ಗಳಿಗೆ ಕರೆಂಟ್ ಒಯ್ಯುವ ಪ್ಲಗ್ ವೈರ್‌ಗಳೇ! ನಿಮ್ಮಲ್ಲೊಬ್ಬರು ಹೇಳಿದಂತೆ ಕತ್ತಲಾದ ಮೇಲೆ ಇಂಜಿನ್ ಸ್ಟಾರ್ಟ್ ಮಾಡಿ, ಕೈ ತಾಗಿಸದೆ ವೈರ್‌ಗಳ ಮೇಲೆ ಸಣ್ಣಗೆ ನೀರು ಸ್ಪ್ರೇ ಮಾಡಿದೆ. ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಇಂಜಿನ್‌ನ ಬಿಸಿ ಹೊಗೆ ಹೊರಹೋಗುವ ಕೊಳವೆ) ಪಕ್ಕದ ವೈರ್‌ನಿಂದ ನೀಲಿ ಕಿಡಿ ಚಟಚಟ ಅಂತ ಹಾರುತ್ತಿತ್ತು. ಬಿಸಿಗೆ ರಬ್ಬರ್ ಬಿರುಕು ಬಿಟ್ಟಿತ್ತು. ಕರೆಂಟ್ ಪ್ಲಗ್‌ಗೆ ಹೋಗುವ ಬದಲು ಇಂಜಿನ್ ಬ್ಲಾಕ್‌ಗೆ ಜಿಗಿಯುತ್ತಿತ್ತು.

ಇಂಜಿನ್ ತಣ್ಣಗಾದ ಮೇಲೆ ಪೂರ್ತಿ ಸೆಟ್ ಬದಲಾಯಿಸಿದೆ. ಒಂದನ್ನು ತೆಗೆದು, ಅಷ್ಟೇ ಉದ್ದದ ಹೊಸದನ್ನು ಹಾಕಿ, ಆಮೇಲೆ ಮುಂದಿನದು. ಹೀಗಾದರೆ ಫೈರಿಂಗ್ ಆರ್ಡರ್ (ಸಿಲಿಂಡರ್‌ಗಳಿಗೆ ಕಿಡಿ ಹೋಗುವ ಸರದಿ) ತಪ್ಪೋದಿಲ್ಲ. ವೈರ್ ತೆಗೆಯುವಾಗ ಬೂಟನ್ನು (ಅದರ ತುದಿಯ ರಬ್ಬರ್ ಟೋಪಿ) ತಿರುಗಿಸಿ ಎಳೆಯಿರಿ, ವೈರ್ ಜಗ್ಗಬೇಡಿ. ಹೊಸ ವೈರ್‌ಗಳನ್ನು ಕ್ಲಿಪ್‌ಗೆ ಸಿಕ್ಕಿಸಿ ಮ್ಯಾನಿಫೋಲ್ಡ್‌ನಿಂದ ದೂರ ಇಡೋದು ತುಂಬಾ ಮುಖ್ಯ. ಈಗ ಮಳೆಯಲ್ಲೂ ನಡುಕವಿಲ್ಲ. ಎಲ್ಲರಿಗೂ ಥ್ಯಾಂಕ್ಸ್!